ಹಾಸಿಗೆಯ ಕೆಳಗೊಂದು ಎಂಜಿನ್

ತೋಟದ ಮನೆಯಲ್ಲಿ ಬೋರ್‌ವೆಲ್ ಮೋಟರಿನ ಸ್ವಿಚ್ ಒತ್ತಿದ ಕೂಡಲೇ ಜಗಲಿಯ ದೀಪ ಒಮ್ಮೆ ಮಂಕಾಗಿ ಮತ್ತೆ ಬೆಳಗುವುದನ್ನು ನೋಡದವರು ನಮ್ಮಲ್ಲಿ ಕಡಿಮೆ. ನಿಂತ ಮೋಟರು ತಿರುಗಲು ಶುರುಮಾಡುವ ಆ ಅರೆಕ್ಷಣದಲ್ಲಿ, ಓಡುವಾಗ ಬೇಕಾಗುವ ಕರೆಂಟಿನ ನಾಲ್ಕೈದು ಪಟ್ಟು ಎಳೆದುಕೊಳ್ಳುತ್ತದೆ. ಅಮೆರಿಕದ ಉಟಾ ರಾಜ್ಯದ ಮೊಯಾಬ್ ಸುತ್ತಲಿನ ಕೆಂಪು ಬಂಡೆಗಳ ನಾಡಿನಲ್ಲಿ, ಜುಲೈ ತಿಂಗಳ ಮಧ್ಯಾಹ್ನ ಬಿಸಿಲು 38 ಡಿಗ್ರಿ ಮುಟ್ಟಿರುವಾಗ, ಟ್ರೇಲರ್ ಮನೆಯ ಚಾವಣಿಯ ಮೇಲಿರುವ ಏಸಿಯ ಕಂಪ್ರೆಸರ್ ಕೂಡ ಅದನ್ನೇ ಮಾಡುತ್ತದೆ. ಅಲ್ಲಿ ಹತ್ತಿರದಲ್ಲೆಲ್ಲೂ ಕರೆಂಟಿನ ಕಂಬವಿಲ್ಲ. ಕರೆಂಟು ಬೇಕಿದ್ದರೆ ಜೊತೆಯಲ್ಲೇ ಒಯ್ದಿರಬೇಕು. ಇಂಥ ಮನೆಗೆ ಎಷ್ಟು ದೊಡ್ಡ ಜನರೇಟರ್ ಬೇಕು ಎಂಬ ಲೆಕ್ಕ ಹುಟ್ಟುವುದೇ ಈ ಅರೆಕ್ಷಣದಿಂದ.

ಇಲ್ಲಿ ಹೇಳುತ್ತಿರುವ ಮನೆಗೆ ಅಮೆರಿಕದಲ್ಲಿ ಫಿಫ್ತ್ ವೀಲ್ ಟ್ರೇಲರ್ ಅನ್ನುತ್ತಾರೆ. ಸಾಧಾರಣ ಟ್ರೇಲರನ್ನು ವಾಹನದ ಹಿಂಬದಿಯ ಕೊಂಡಿಗೆ ಸಿಕ್ಕಿಸಿ ಎಳೆಯುತ್ತಾರೆ. ಫಿಫ್ತ್ ವೀಲ್ ಹಾಗಲ್ಲ. ಅದರ ಮೂತಿ ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯ ಮೇಲೆ ಚಾಚಿಕೊಂಡಿರುತ್ತದೆ. ಅದರಡಿ ಇಳಿಬಿದ್ದ ಒಂದು ದಪ್ಪ ಕಬ್ಬಿಣದ ಗೂಟ ಟ್ರಕ್ಕಿನ ಹಿಂಗಾಲಿಗಳ ಅಚ್ಚಿನ ನೇರಕ್ಕೆ ಕೂರಿಸಿದ ತಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕಂಟೇನರ್ ಲಾರಿಗಳಲ್ಲಿ ಇರುವಂಥದ್ದೇ ಜೋಡಣೆ. 30ರಿಂದ 40 ಅಡಿ ಉದ್ದ, ಐದಾರು ಟನ್ ತೂಕದ ಮನೆ ಹೆದ್ದಾರಿಯಲ್ಲಿ ಓಲಾಡದೆ ಸಾಗುವುದು ಈ ಜೋಡಣೆಯಿಂದಾಗಿ. ಟ್ರಕ್ಕಿನ ಮೇಲೆ ಚಾಚಿದ ಆ ಎತ್ತರದ ಭಾಗದಲ್ಲಿ ಸಾಮಾನ್ಯವಾಗಿ ಇರುವುದು ಮಲಗುವ ಕೋಣೆ. ಅದರ ಕೆಳಗೆ, ಟ್ರಕ್ಕಿಗೆ ಎದುರಾಗಿ, ಸಾಮಾನು ತುಂಬುವ ಒಂದು ಗೂಡು. ಜನರೇಟರ್ ಕೂರಿಸಲು ಎಲ್ಲರಿಗೂ ಮೊದಲು ಹೊಳೆಯುವ ಜಾಗ ಅದೇ, ಕಾರ್ಖಾನೆಯವರು ಮೀಸಲಿಡುವುದೂ ಅದನ್ನೇ. ಹಾಗಾಗಿ ಈ ಮನೆಯಲ್ಲಿ ಎಂಜಿನ್ ಓಡುವುದು ಮಲಗಿದವರ ಬೆನ್ನಿನ ಕೆಳಗೆ. ಇದೊಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಿಕ್ಕ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ದುಡ್ಡು ಕೊಟ್ಟು ತಂಗುವ ಕ್ಯಾಂಪ್‌ಗ್ರೌಂಡುಗಳಲ್ಲಿ ಜನರೇಟರಿನ ಗೊಡವೆಯಿಲ್ಲ. ಪ್ರತಿ ಜಾಗದಲ್ಲೂ ಒಂದು ಗಿಡ್ಡ ಕಂಬ, ಅದರಲ್ಲಿ 30 ಆಂಪಿಯರ್ ಇಲ್ಲವೇ 50 ಆಂಪಿಯರ್ ಸಾಕೆಟ್. ಅಮೆರಿಕದ ವೋಲ್ಟೇಜ್ ನಮ್ಮ 230 ಅಲ್ಲ, 120. ಹಾಗಾಗಿ 30 ಆಂಪಿಯರ್ ಸಾಕೆಟ್ ಕೊಡುವುದು 3,600 ವಾಟ್. 50 ಆಂಪಿಯರಿನದರಲ್ಲಿ ಎರಡು ಫೀಡು ಬರುವುದರಿಂದ ಒಟ್ಟು 12,000 ವಾಟ್ ಸಿಗುತ್ತದೆ. ತೊಡಕು ಶುರುವಾಗುವುದು ಇಂಥ ಜಾಗಗಳನ್ನು ಬಿಟ್ಟು ಬಯಲಿಗೆ ಹೋದಾಗ. ಪಶ್ಚಿಮದ ರಾಜ್ಯಗಳಲ್ಲಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುವ ಸರ್ಕಾರಿ ಜಮೀನು ಕಣ್ಣು ಹಾಯುವಷ್ಟು ದೂರ ಬಿದ್ದಿದೆ. ಅದರ ಬಹುಪಾಲಿನಲ್ಲಿ ಸಾಮಾನ್ಯವಾಗಿ 14 ದಿನ ಬಾಡಿಗೆಯಿಲ್ಲದೆ ತಂಗಬಹುದು. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಹತ್ತಿರದ ಮರುಭೂಮಿಯಲ್ಲಂತೂ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇಡೀ ಚಳಿಗಾಲ ಟ್ರೇಲರ್ ನಿಲ್ಲಿಸಿಕೊಳ್ಳಲು ಪರವಾನಗಿ ಕೊಡುತ್ತಾರೆ. ಟ್ರೇಲರ್ ನಿಲ್ಲಿಸಿದ ಜಾಗದಲ್ಲಿ ನಲ್ಲಿಯಿಲ್ಲ, ಚರಂಡಿಯಿಲ್ಲ, ಕರೆಂಟಿಲ್ಲ. ಆಕಾಶ ಮಾತ್ರ ಬೇಕಾದಷ್ಟಿದೆ.

ಅಂಥ ಕಡೆ ಏನೇನು ಓಡಬೇಕು ಎಂದು ಮೊದಲು ಚೀಟಿ ಬರೆದುಕೊಳ್ಳಬೇಕು. ದೀಪ, ನೀರಿನ ಪಂಪು, ಫೋನ್ ಚಾರ್ಜು ಎಲ್ಲವೂ ಟ್ರೇಲರಿನ 12 ವೋಲ್ಟ್ ಬ್ಯಾಟರಿಯಿಂದಲೇ ನಡೆಯುತ್ತವೆ. ಮೈಕ್ರೋವೇವ್ ಒಲೆ ಸುಮಾರು 1,500 ವಾಟ್ ತಿನ್ನುತ್ತದೆ, ಆದರೆ ಐದು ನಿಮಿಷ ಮಾತ್ರ. ನೀರು ಕಾಯಿಸಲು ಕರೆಂಟು ಬೇಕಿಲ್ಲ, ಗ್ಯಾಸ್ ಇದೆ. ಕೊನೆಗೆ ಉಳಿಯುವುದು ಏಸಿ. ಚಾವಣಿಯ ಮೇಲಿನ ಒಂದು ಏಸಿ ಓಡುವಾಗ 1,300ರಿಂದ 1,700 ವಾಟ್ ಬೇಡುತ್ತದೆ, ಗಂಟೆಗಟ್ಟಲೆ ಬೇಡುತ್ತಲೇ ಇರುತ್ತದೆ. 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಬ್ಯಾಟರಿಯಲ್ಲಿ ಇರುವುದು 1.28 ಯೂನಿಟ್ ಕರೆಂಟು. ಒಂದು ಏಸಿಗೆ ಅದು ಒಂದು ಗಂಟೆಗೂ ಸಾಲದು. 400 ವಾಟ್ ಸೌರಫಲಕ ಶುಭ್ರ ಬಿಸಿಲಿನ ದಿನವಿಡೀ ದುಡಿದರೂ ಎರಡು ಯೂನಿಟ್ ಆಸುಪಾಸು. ಹೀಗಾಗಿ ನನ್ನ ಅಭಿಪ್ರಾಯ ನೇರವಾಗಿದೆ: ಏಸಿ ಬೇಡವೆಂದರೆ ಜನರೇಟರನ್ನು ಟ್ರೇಲರಿಗೆ ಶಾಶ್ವತವಾಗಿ ಕೂರಿಸುವ ಯೋಚನೆಯೇ ಬೇಡ, ಸೌರಫಲಕ ಮತ್ತು ಒಳ್ಳೆಯ ಬ್ಯಾಟರಿ ಸಾಕು. ಏಸಿ ಬೇಕೇ ಬೇಕು ಎನ್ನುವವರಿಗಾಗಿ ಮುಂದಿನ ಮಾತು.

ಅವರ ಮುಂದೆ ಎರಡು ದಾರಿಗಳಿವೆ. ಮೊದಲನೆಯದು ಕೈಯಲ್ಲಿ ಹಿಡಿದು ಒಯ್ಯುವ ಇನ್ವರ್ಟರ್ ಜನರೇಟರ್. ಇದರಲ್ಲಿ ಎಂಜಿನ್ ಒಂದೇ ವೇಗದಲ್ಲಿ ಓಡಬೇಕಿಲ್ಲ. ಹುಟ್ಟಿದ ಕರೆಂಟನ್ನು ಡಿಸಿಗೆ ತಿರುಗಿಸಿ ಮತ್ತೆ 60 ಹರ್ಟ್ಸ್‌ನ ಪರ್ಯಾಯ ವಿದ್ಯುತ್ತಾಗಿ ಕೊಡುವುದರಿಂದ, ಹೊರೆ ಕಡಿಮೆಯಾದಾಗ ಎಂಜಿನ್ ಮೆಲ್ಲಗೆ ಓಡುತ್ತದೆ, ಸದ್ದು ಇಳಿಯುತ್ತದೆ, ಪೆಟ್ರೋಲ್ ಉಳಿಯುತ್ತದೆ. ಹೋಂಡಾ ಕಂಪನಿಯ ಇಯು2200ಐ ಈ ಬಗೆಯಲ್ಲಿ ಬಹಳ ಬಳಕೆಯಲ್ಲಿರುವುದು. ತೂಕ ಸುಮಾರು 21 ಕಿಲೊ, ಒಮ್ಮೆಗೆ 2,200 ವಾಟ್, ಬಿಡದೆ ಓಡಿದರೆ 1,800 ವಾಟ್. ಒಂದು ಏಸಿಯನ್ನು ಓಡಿಸಲು 1,800 ಸಾಕು, ಆದರೆ ಶುರುವಿನ ಆ ಅರೆಕ್ಷಣವನ್ನು ಇದು ತಡೆದುಕೊಳ್ಳುವುದಿಲ್ಲ. ಅದಕ್ಕೇ ಏಸಿಯ ಒಳಗೆ ಸಾಫ್ಟ್ ಸ್ಟಾರ್ಟರ್ ಎಂಬ ಚಿಕ್ಕ ಪೆಟ್ಟಿಗೆ ಹಾಕಿಸುತ್ತಾರೆ. ಕಂಪ್ರೆಸರಿಗೆ ಕರೆಂಟನ್ನು ಒಮ್ಮೆಲೇ ಸುರಿಯದೆ ಹಂತಹಂತವಾಗಿ ಬಿಟ್ಟು, ಶುರುವಿನ ಎಳೆತವನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ. ಇನ್ನೂ ಬೇಕೆಂದರೆ ಇಂಥ ಎರಡು ಜನರೇಟರುಗಳನ್ನು ಕಂಪನಿಯದೇ ಕೇಬಲ್ಲಿನಿಂದ ಜೋಡಿಸಿ ಒಂದಾಗಿ ಓಡಿಸಬಹುದು.

ಎರಡನೆಯ ದಾರಿ, ಮುಂಗೂಡಿನಲ್ಲಿ ಶಾಶ್ವತವಾಗಿ ಕೂರಿಸುವ ಜನರೇಟರ್. ಇಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ಓನನ್. ಡೇವಿಡ್ ಓನನ್ ಮಿನಿಯಾಪೊಲಿಸ್‌ನಲ್ಲಿ 1920ರಲ್ಲಿ ಶುರುಮಾಡಿದ ಕಂಪನಿ ಈಗ ಕಮ್ಮಿನ್ಸ್ ಕೈಯಲ್ಲಿದೆ. ಎರಡು ಏಸಿ ಇರುವ ಟ್ರೇಲರುಗಳಿಗೆ ಅವರ 5,500 ವಾಟಿನ ಮಾದರಿಯನ್ನು ಹಾಕಿಸುವುದು ರೂಢಿ. ಅದು ಪೆಟ್ರೋಲಿನಿಂದಲೋ ಪ್ರೊಪೇನ್ ಗ್ಯಾಸಿನಿಂದಲೋ ಓಡುತ್ತದೆ. ಒಳಗಿನಿಂದ ಗುಂಡಿ ಒತ್ತಿದರೆ ಸಾಕು, ಮಳೆಯಲ್ಲಿ ಹೊರಗಿಳಿಯಬೇಕಿಲ್ಲ, ಕದಿಯುವವರ ಭಯವಿಲ್ಲ. ವರ್ಷವಿಡೀ ಟ್ರೇಲರಿನಲ್ಲೇ ಬದುಕುವ ನಿವೃತ್ತ ದಂಪತಿಗಳು ಐದಾರು ಸಾವಿರ ಡಾಲರ್ ತೆತ್ತು ಇದನ್ನು ಕೂರಿಸಿಕೊಳ್ಳುವುದರಲ್ಲಿ ಅರ್ಥವಿದೆ.

ಅರಿಜೋನಾದ ಚಾಂಡ್ಲರ್‌ನಲ್ಲಿ ನೆಲೆಸಿರುವ ನನ್ನ ಸೋದರತ್ತೆಯ ಮಗ ಇಂಥದ್ದೊಂದು ಹಳೆಯ ಟ್ರೇಲರ್ ಕೊಂಡಿದ್ದಾರೆ. ಕಾರ್ಖಾನೆಯಲ್ಲೇ ಜನರೇಟರಿಗೆ ತಯಾರು ಮಾಡಿದ ಗೂಡು ಎಂದು ಬಾಗಿಲ ಮೇಲೆ ಚೀಟಿ ಅಂಟಿಸಿತ್ತು. ಬಾಗಿಲು ಎತ್ತಿದರೆ ಒಳಗೋಡೆಗೆಲ್ಲ ತಗಡು ಹೊದಿಸಿದೆ. ನೆಲದಲ್ಲಿ ಗಾಳಿಗೆಂದು ಕೊರೆದ ಚೌಕ ಕಿಂಡಿ. ಮೂಲೆಯಲ್ಲಿ ತುದಿಗೆ ಟೇಪು ಸುತ್ತಿದ ಕೆಂಪು, ಕಪ್ಪು ಬ್ಯಾಟರಿ ಕೇಬಲ್ಲು, ಪಕ್ಕದಲ್ಲಿ ಮೂತಿ ಮುಚ್ಚಿದ ಗ್ಯಾಸ್ ಪೈಪು. ನೋಡಿದರೆ ಜನರೇಟರ್ ಒಳಗಿಟ್ಟು ನಾಲ್ಕು ಬೋಲ್ಟು ಬಿಗಿದರೆ ಮುಗಿಯಿತು ಅನ್ನಿಸುವ ಹಾಗಿತ್ತು.

‘ಸ್ವಲ್ಪ ತಡಿ’ ಎಂದು ಭಾವ ಒಳಗೆ ಹೋದರು. ಮೇಲಿನಿಂದ ದನಿ ಬಂತು: ‘ಬಟ್ಟೆ ಬೀರುವಿನೊಳಗೆ ಟಾರ್ಚ್ ಇಟ್ಟಿದ್ದೀನಿ. ಗೂಡಿನ ಬಾಗಿಲು ಅರ್ಧ ಹಾಕ್ಕೊಂಡು ತಲೆ ಒಳಗೆ ಹಾಕಿ ನೋಡು, ಎಲ್ಲಾದರೂ ಬೆಳಕು ಕಾಣ್ತದಾ?’

ವೈರುಗಳು ಚಾವಣಿಯ ತಗಡನ್ನು ದಾಟಿ ಮೇಲೆ ಹೋಗುವ ಕಡೆ, ಹೆಬ್ಬೆರಳಿನಷ್ಟು ಅಗಲದ ತೂತಿನ ಅಂಚಿನಲ್ಲಿ ಬೆಳಕಿನ ಗೆರೆಯೊಂದು ಸ್ಪಷ್ಟವಾಗಿ ಕಾಣುತ್ತಿತ್ತು.

‘ಕಾಣ್ತದೆ ಭಾವ.’

‘ಬೆಳಕು ಬರೋ ದಾರೀಲಿ ಹೊಗೆನೂ ಬರ್ತದೆ’ ಅಂದರು. ಆ ತೂತನ್ನು ಬೆಂಕಿ ತಡೆಯುವ ಸೀಲಂಟ್ ತುಂಬಿ ಮುಚ್ಚದೆ ಅಲ್ಲಿ ಯಾವ ಎಂಜಿನ್ನೂ ಓಡಕೂಡದು. ತಯಾರಾದ ಗೂಡು ಎಂಬ ಚೀಟಿಯ ಅರ್ಥ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ. ಕೆಲವರು ಸ್ವಿಚ್ಚು, ವೈರು, ಗ್ಯಾಸ್ ಎಲ್ಲ ಎಳೆದಿಟ್ಟಿರುತ್ತಾರೆ, ಕೆಲವರು ಜಾಗವನ್ನಷ್ಟೇ ಬಿಟ್ಟಿರುತ್ತಾರೆ. ಹಳೆಯ ಟ್ರೇಲರಿನಲ್ಲಿ ನಡುವೆ ಯಾರೋ ಟೀವಿ ಕೇಬಲ್ಲಿಗೆಂದು ಹೊಸ ತೂತು ಕೊರೆದಿರುವುದೂ ಉಂಟು.

ಇಷ್ಟು ಒತ್ತಿ ಹೇಳಲು ಕಾರಣ ಕಾರ್ಬನ್ ಮೊನಾಕ್ಸೈಡ್. ಎಂಜಿನ್ನಿನ ಹೊಗೆಯಲ್ಲಿರುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಒಮ್ಮೆ ಅಂಟಿಕೊಂಡರೆ ಬೇಗ ಬಿಡುವುದಿಲ್ಲ, ಉಸಿರಾಡುತ್ತಿದ್ದರೂ ಮೈಗೆ ಆಮ್ಲಜನಕ ಸಿಗುವುದಿಲ್ಲ. ತಲೆನೋವು, ಓಕರಿಕೆ, ಮಂಪರು. ಎಚ್ಚರವಿದ್ದವರು ಏನೋ ಸರಿಯಿಲ್ಲ ಎಂದು ಹೊರಗೆ ಬಂದಾರು. ನಿದ್ದೆಯಲ್ಲಿದ್ದವರಿಗೆ ಆ ಅವಕಾಶವೂ ಇಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪ್ರಕಾರ, ಒಯ್ಯಬಹುದಾದ ಜನರೇಟರುಗಳ ಹೊಗೆಯಿಂದಲೇ ಆ ದೇಶದಲ್ಲಿ ವರ್ಷಕ್ಕೆ ಹತ್ತಿರಹತ್ತಿರ 100 ಮಂದಿ ಸಾಯುತ್ತಾರೆ. ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿಟ್ಟು, ಹೊಗೆಯ ಮೂತಿಯನ್ನು ಆಚೆಗೆ ತಿರುಗಿಸಿ ಓಡಿಸಿ ಎನ್ನುವುದು ಆಯೋಗದ ಸಲಹೆ.

ಫಿಫ್ತ್ ವೀಲ್ ಇರುವವರು ಇಲ್ಲೇ ಎಡವುತ್ತಾರೆ. ಜನರೇಟರನ್ನು ಟ್ರಕ್ಕಿನ ತೊಟ್ಟಿಯಲ್ಲಿಟ್ಟುಕೊಂಡು ಬಂದಿರುತ್ತಾರೆ, ಭಾರವೆಂದು ಇಳಿಸದೆ ಅಲ್ಲೇ ಚಾಲೂ ಮಾಡುತ್ತಾರೆ. ಟ್ರೇಲರ್ ಇನ್ನೂ ಕೊಂಡಿಯಲ್ಲೇ ಇದ್ದರೆ ಆ ತೊಟ್ಟಿಯ ನೇರ ಮೇಲೆ ಇರುವುದು ಮಲಗುವ ಕೋಣೆಯ ನೆಲ. ಹೊಗೆ ಅದರಡಿಯಲ್ಲಿ ತಂಗಿ, ನೆಲದ ಸಂದುಗಳಲ್ಲಿ, ಕಿಟಕಿಯಲ್ಲಿ ದಾರಿ ಹುಡುಕುತ್ತದೆ. ಗೂಡಿನೊಳಗೆ ಕೂರಿಸಿದ ಜನರೇಟರಿನ ಸೈಲೆನ್ಸರ್ ಕೊಳವೆಗೂ ಇದೇ ನ್ಯಾಯ. ಅದರ ತುದಿ ಟ್ರೇಲರಿನ ಹೊರಗೋಡೆಯ ಅಂಚನ್ನು ದಾಟಿ ಆಚೆ ಬಂದಿರಬೇಕು, ತೆರೆಯುವ ಕಿಟಕಿಯ ಕೆಳಗಾಗಲಿ, ಹೊರಕ್ಕೆ ಚಾಚುವ ಕೋಣೆಯ ಅಡಿಗಾಗಲಿ ಬರಬಾರದು. ಗಾಳಿಯಿಲ್ಲದ ಸಂಜೆಗಳಲ್ಲಿ ಕೊಳವೆಗೆ ಹೊರಗಿನಿಂದ ಒಂದು ಉದ್ದ ಚಿಮಣಿ ಸಿಕ್ಕಿಸಿ ಹೊಗೆಯನ್ನು ಚಾವಣಿಗಿಂತ ಮೇಲಕ್ಕೆ ಬಿಡುವವರಿದ್ದಾರೆ. ಇಷ್ಟೆಲ್ಲ ಮಾಡಿದರೂ ಪಕ್ಕದ ಟ್ರೇಲರಿನವರ ಹೊಗೆ ನಿಮ್ಮ ಕಿಟಕಿಗೆ ಬರಬಹುದು. ಆದ್ದರಿಂದ ಒಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು, ಅದು ಅವಧಿ ಮೀರಿರಬಾರದು. ಅಮೆರಿಕದ ಮಾನದಂಡದಂತೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ 400 ಭಾಗ ಇದ್ದರೆ ಅಲಾರಂ 4ರಿಂದ 15 ನಿಮಿಷದೊಳಗೆ ಕೂಗಬೇಕು, 70 ಭಾಗವಿದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ. ಅದರೊಳಗಿನ ಸೆನ್ಸರಿಗೂ ಆಯಸ್ಸಿದೆ. ಬದಲಿಸಬೇಕಾದ ವರ್ಷ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ.

ಬೇಸಿಗೆ ರಜೆಯಲ್ಲಿ ಯೆಲ್ಲೋಸ್ಟೋನ್‌ಗೋ ಗ್ರ್ಯಾಂಡ್ ಕ್ಯಾನಿಯನ್‌ಗೋ ಮನೆಗಾಡಿ ಬಾಡಿಗೆಗೆ ಹಿಡಿದು ಹೋಗುವ ಕನ್ನಡ ಕುಟುಂಬಗಳು ಈಗ ಬೇಕಾದಷ್ಟಿವೆ. ಊರಿಂದ ಬಂದ ಅಪ್ಪ ಅಮ್ಮನನ್ನೂ ಕರೆದೊಯ್ಯುತ್ತಾರೆ. ಬಾಡಿಗೆ ಗಾಡಿ ಕೈಗೆ ಬಂದಾಗ ಹಾಸಿಗೆ, ಒಲೆ, ಶೌಚಾಲಯ ನೋಡಿಕೊಳ್ಳುವ ಮೊದಲು ಆ ಅಲಾರಂನ ಗುಂಡಿ ಒತ್ತಿ ಕೂಗಿಸಿ ನೋಡಿ ಎಂದು ಕೈಮುಗಿದು ಕೇಳುತ್ತೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಜನರೇಟರ್ ಓಡುತ್ತಿರುವುದು ಬೇಡ, ಸೆಕೆಯಾದರೂ ಸರಿ.

ಹೊಗೆಯ ನಂತರ ಭಾರ. 14,000 ಪೌಂಡ್, ಅಂದರೆ ಸುಮಾರು 6,350 ಕಿಲೊ ತೂಗುವ ಟ್ರೇಲರಿನ ಐದನೇ ಒಂದು ಭಾಗ ಟ್ರಕ್ಕಿನ ಮೇಲೆ ಕೂರುತ್ತದೆ ಎಂದಿಟ್ಟುಕೊಳ್ಳಿ. ಅದೇ 1,270 ಕಿಲೊ ಆಯಿತು. ಅದರ ಮೇಲೆ ಕೊಂಡಿಯ ತಟ್ಟೆ, ಮನೆಮಂದಿ, ಸಾಮಾನು. ಟ್ರಕ್ ಎಷ್ಟು ಹೊರಬಲ್ಲದು ಎಂಬುದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ. ಅನೇಕರು ಜನರೇಟರಿಗೆ ಮುಂಚೆಯೇ ಆ ಅಂಚಿನಲ್ಲಿರುತ್ತಾರೆ. 5,500 ವಾಟಿನ ಯಂತ್ರ ಸುಮಾರು 120 ಕಿಲೊ. ಕಬ್ಬಿಣದ ಗೂಟದಿಂದ ಟ್ರೇಲರಿನ ಗಾಲಿಗಳಿಗೆ ಏಳು ಮೀಟರ್ ದೂರವಿದ್ದು, ಜನರೇಟರ್ ಗೂಟದಿಂದ ಒಂದು ಮೀಟರ್ ಹಿಂದಿದ್ದರೆ, ಅದರ ತೂಕದ ಏಳರಲ್ಲಿ ಆರು ಪಾಲು, ಹೆಚ್ಚುಕಡಿಮೆ 100 ಕಿಲೊ, ಟ್ರಕ್ಕಿನ ಹಿಂದಿನ ಅಚ್ಚಿನ ಮೇಲೆಯೇ ಬೀಳುತ್ತದೆ. ಹಾಗಾಗಿ ಕೊಳ್ಳುವ ಮೊದಲು ಲಾರಿಗಳು ನಿಲ್ಲುವ ತಾಣಗಳಲ್ಲಿನ ತೂಕಸೇತುವೆಗೆ ಟ್ರೇಲರ್ ಸಮೇತ ಹೋಗಿ, ಒಂದೊಂದು ಅಚ್ಚಿನ ಮೇಲೂ ಎಷ್ಟೆಷ್ಟು ಬಿದ್ದಿದೆ ಎಂದು ನೋಡಿ ಬರುವುದು ಜಾಣತನ. ಭಾರವನ್ನು ಹಿಂದಕ್ಕೆ ಸರಿಸಲು ಕೆಲವರು ಟ್ರೇಲರಿನ ಹಿಂಬಂಪರಿಗೆ ಚೌಕಟ್ಟು ಬೆಸೆದು ಜನರೇಟರ್ ನೇತುಹಾಕುತ್ತಾರೆ. ಆ ಬಂಪರ್ ಬಹುತೇಕ ಟ್ರೇಲರುಗಳಲ್ಲಿ ಕೊಳಚೆ ನೀರಿನ ಪೈಪು ತುರುಕಿಡಲು ಮಾಡಿದ ತೆಳು ಕೊಳವೆ. ಹೊಂಡಬಿದ್ದ ರಸ್ತೆಯಲ್ಲಿ ಅತಿ ಹೆಚ್ಚು ಕುಣಿಯುವ ತುದಿಯೂ ಅದೇ. ಚಾಸಿಗೇ ಕಟ್ಟದ ಹೊರತು ಅಲ್ಲಿ ಏನನ್ನೂ ತೂಗುಹಾಕಬಾರದು.

ಇಂಧನದ ಆಯ್ಕೆಯಲ್ಲಿ ಪ್ರೊಪೇನಿಗೆ ಒಂದು ಅನುಕೂಲವಿದೆ. ಅದು ಟ್ರೇಲರಿನಲ್ಲಿ ಮೊದಲೇ ಇದೆ. ಮಾಮೂಲಿಯಾಗಿ 30 ಪೌಂಡಿನ ಎರಡು ಸಿಲಿಂಡರ್, ಒಂದೊಂದರಲ್ಲೂ ನಮ್ಮ ಮನೆಯ ಸಿಲಿಂಡರಿಗಿಂತ ತುಸು ಕಡಿಮೆ ಗ್ಯಾಸು. ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ. ಆದರೆ ಅರ್ಧ ಹೊರೆಯಲ್ಲಿ ಓಡುವ 5,500 ವಾಟಿನ ಜನರೇಟರ್ ಎರಡೂ ಸಿಲಿಂಡರನ್ನು ಸುಮಾರು 20 ಗಂಟೆಯಲ್ಲಿ ಬರಿದು ಮಾಡುತ್ತದೆ. ಆ ಮೇಲೆ ಅಡುಗೆ, ಬಿಸಿನೀರು, ಫ್ರಿಜ್ಜು ಎಲ್ಲವೂ ನಿಂತಂತೆಯೇ. ಪೂರ್ತಿ ಹೊರೆಯಲ್ಲಿ ಓಡುವಾಗ ಜನರೇಟರ್ ಎಳೆಯುವ ಗ್ಯಾಸು ಮನೆ ಬೆಚ್ಚಗಿಡುವ ಹೀಟರ್ ಎಳೆಯುವುದರ ಎರಡು ಪಟ್ಟಿಗೂ ಮಿಕ್ಕಿದ್ದು. ಹಳೆಯ ರೆಗ್ಯುಲೇಟರ್ ಅಷ್ಟನ್ನು ಕೊಡಲಾರದೆ ಎಂಜಿನ್ ಮುಗ್ಗರಿಸುತ್ತದೆ, ಜನ ಜನರೇಟರನ್ನು ಬೈಯುತ್ತಾರೆ. ಚಳಿಯಲ್ಲಿ ಇನ್ನೊಂದು ತೊಡಕು. ದ್ರವ ಪ್ರೊಪೇನ್ ಆವಿಯಾಗುವಾಗ ಸಿಲಿಂಡರನ್ನೇ ತಣ್ಣಗೆ ಮಾಡುತ್ತದೆ, ಮೈಮೇಲೆ ಹಿಮ ಕಟ್ಟುತ್ತದೆ, ಒತ್ತಡ ಬೀಳುತ್ತದೆ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮೇಲೇರಿದಷ್ಟೂ ಗಾಳಿ ತೆಳುವಾಗಿ, ಪ್ರತಿ 1,000 ಅಡಿಗೆ ಎಂಜಿನ್ನಿನ ಶಕ್ತಿ ಸುಮಾರು ಶೇ 3.5ರಷ್ಟು ಕುಂದುತ್ತದೆ. ಕೊಲರಾಡೋದ ಲೆಡ್‌ವಿಲ್ ಊರು 10,000 ಅಡಿಗಿಂತ ಮೇಲಿದೆ. ಅಲ್ಲಿ 5,500 ವಾಟಿನ ಯಂತ್ರದಿಂದ 3,700 ಸಿಕ್ಕರೆ ಅದೇ ಹೆಚ್ಚು. ಅಲ್ಲಿನ ತಂಪಿಗೆ ಏಸಿ ಬೇಕಾಗುವುದೂ ಅಪರೂಪ ಎನ್ನುವುದೊಂದು ಸಮಾಧಾನ.

ವೈರಿಂಗಿನಲ್ಲಿ ಮುರಿಯಬಾರದ ನಿಯಮ ಒಂದೇ. ಕಂಬದ ಕರೆಂಟು ಮತ್ತು ಜನರೇಟರಿನ ಕರೆಂಟು ಎಂದೂ ಒಂದೇ ವೈರಿನಲ್ಲಿ ಸಂಧಿಸಕೂಡದು. ಅದಕ್ಕೆ ಚೇಂಜ್‌ಓವರ್ ಸ್ವಿಚ್ ಬೇಕು. ತಾನಾಗಿಯೇ ಬದಲಾಗುವ ಸ್ವಿಚ್ಚುಗಳು ಜನರೇಟರ್ ಚಾಲೂ ಆದ ಮೇಲೆ ಅರ್ಧ ನಿಮಿಷದಷ್ಟು ಕಾದು, ಎಂಜಿನ್ ಹದಕ್ಕೆ ಬಂದ ಬಳಿಕವೇ ಹೊರೆ ಹೊರಿಸುತ್ತವೆ. ಇನ್ನೂ ಸರಳ ಉಪಾಯವೊಂದಿದೆ, ನನಗೆ ಅದೇ ಇಷ್ಟ. ಜನರೇಟರಿನ ಕರೆಂಟನ್ನು ಟ್ರೇಲರಿನ ಪಕ್ಕದಲ್ಲೇ ಒಂದು ಸಾಕೆಟ್ಟಿಗೆ ತಂದು ನಿಲ್ಲಿಸುವುದು, ಕಂಬಕ್ಕೆ ಸಿಕ್ಕಿಸುವ ಅದೇ ಕೇಬಲ್ಲನ್ನು ಬೇಕಾದಾಗ ಅದಕ್ಕೆ ಸಿಕ್ಕಿಸುವುದು. ಒಂದು ಪ್ಲಗ್ ಎರಡು ಕಡೆ ಇರಲು ಸಾಧ್ಯವಿಲ್ಲವಾದ್ದರಿಂದ ಎಡವಟ್ಟಿಗೆ ಜಾಗವೇ ಇಲ್ಲ. ಎರಡೂ ತುದಿಗೆ ಗಂಡು ಪ್ಲಗ್ ಹಾಕಿದ ವೈರಿನಿಂದ ಗೋಡೆಯ ಸಾಕೆಟ್ಟಿಗೆ ಕರೆಂಟು ತುಂಬುವ ಸಾಹಸ ಮಾತ್ರ ಎಲ್ಲೂ ಬೇಡ. ಇನ್ನು, ಟ್ರೇಲರಿನ ಫ್ಯೂಸ್ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಮತ್ತು ಅರ್ಥಿಂಗ್ ಬೇರೆಬೇರೆಯಾಗಿಯೇ ಇರಬೇಕು, ಅವು ಕೂಡುವುದು ಕರೆಂಟು ಹುಟ್ಟುವ ಕಡೆ. ಚಿಕ್ಕ ಇನ್ವರ್ಟರ್ ಜನರೇಟರುಗಳ ಒಳಗೆ ಅನೇಕ ವೇಳೆ ಅವನ್ನು ಕೂಡಿಸಿರುವುದಿಲ್ಲ. ಆಗ, ಬರುವ ಕರೆಂಟು ಸರಿಯಿದೆಯೇ ಎಂದು ನೋಡಿ ಒಳಬಿಡುವ ಟ್ರೇಲರಿನ ರಕ್ಷಣಾ ಪೆಟ್ಟಿಗೆ ಅರ್ಥ್ ಇಲ್ಲವೆಂದು ಹೇಳಿ ಕರೆಂಟನ್ನು ಒಳಗೇ ಬಿಡುವುದಿಲ್ಲ. ಪೆಟ್ಟಿಗೆಯನ್ನು ಕಿತ್ತುಹಾಕುವುದು ಅದಕ್ಕೆ ಪರಿಹಾರವಲ್ಲ. ಜನರೇಟರಿನ ಇನ್ನೊಂದು ಸಾಕೆಟ್ಟಿಗೆ ಇದಕ್ಕೆಂದೇ ಮಾಡಿದ ಪ್ಲಗ್ ಹಾಕಿದರೆ ಸರಿಹೋಗುತ್ತದೆ.

ಸದ್ದಿನ ವಿಷಯದಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ನಿಯಮ ನನಗೆ ಮೆಚ್ಚುಗೆ. 50 ಅಡಿ ದೂರದಲ್ಲಿ ಅಳೆದಾಗ 60 ಡೆಸಿಬಲ್ ಮೀರುವ ಯಂತ್ರ ಅಲ್ಲಿ ಓಡುವಂತಿಲ್ಲ. ಯೊಸೆಮಿಟಿಯಲ್ಲಿ ಗಂಟೆಗಳನ್ನೂ ಕಟ್ಟಿಹಾಕಿದ್ದಾರೆ: ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಅಷ್ಟರಲ್ಲೇ ಬ್ಯಾಟರಿ ತುಂಬಿಸಿಕೊಳ್ಳಬೇಕು. ರಾಷ್ಟ್ರೀಯ ಅರಣ್ಯಗಳಲ್ಲಿ ಸೈಲೆನ್ಸರಿಗೆ ಕಿಡಿ ತಡೆಯುವ ಜಾಲರಿಯೂ ಕಡ್ಡಾಯ. ಒಣಹುಲ್ಲಿನ ಮೇಲೆ ಬಿಸಿ ಕೊಳವೆ ಬಾಗಿದ್ದರೆ ಏನಾಗುತ್ತದೆ ಎಂಬುದು ಕಾಳ್ಗಿಚ್ಚಿನ ಆ ನಾಡಿಗೆ ಚೆನ್ನಾಗಿ ಗೊತ್ತು.

ವರ್ಷಕ್ಕೆ ಮೂರುನಾಲ್ಕು ಬಾರಿ ಹೊರಡುವ ಕುಟುಂಬ ನನ್ನನ್ನು ಕೇಳಿದರೆ, ಏಸಿಗೊಂದು ಸಾಫ್ಟ್ ಸ್ಟಾರ್ಟರ್, ಒಂದೋ ಎರಡೋ ಚಿಕ್ಕ ಜನರೇಟರ್, ಉದ್ದನೆಯ ಗಟ್ಟಿ ಕೇಬಲ್ಲು ಸಾಕು ಎನ್ನುತ್ತೇನೆ. ಎಂಜಿನ್ ಹಾಸಿಗೆಯಿಂದ 20 ಅಡಿ ಆಚೆ ಇರುತ್ತದೆ, ಕೆಟ್ಟರೆ ಕೈಯಲ್ಲಿ ಹಿಡಿದು ರಿಪೇರಿಗೆ ಒಯ್ಯಬಹುದು. ಭಾವನೂ ಕೊನೆಗೆ ಇದೇ ದಾರಿ ಹಿಡಿದರು. ಮುಂಗೂಡಿನಲ್ಲಿ ಈಗ ಮಡಚುವ ಕುರ್ಚಿಗಳಿವೆ.

ಯಾವುದನ್ನೇ ಆರಿಸಿಕೊಂಡರೂ, ಜನರೇಟರ್ ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಪೆಟ್ರೋಲ್ ಕೆಲವೇ ತಿಂಗಳಲ್ಲಿ ಹಳಸಿ ಕಾರ್ಬ್ಯುರೇಟರಿನ ಸಣ್ಣ ತೂತುಗಳಲ್ಲಿ ಅಂಟಾಗಿ ಕೂರುತ್ತದೆ, ಒಳಗಿನ ಸುರುಳಿಗಳಿಗೆ ತೇವ ಹಿಡಿಯುತ್ತದೆ. ಓನನ್ ಯಂತ್ರಗಳಿಗೆ ಕಂಪನಿ ಹೇಳುವುದು ತಿಂಗಳಿಗೆ ಎರಡು ಗಂಟೆ, ಅದೂ ಖಾಲಿಯಾಗಿ ಅಲ್ಲ, ಅರ್ಧದಷ್ಟು ಹೊರೆ ಹಾಕಿ ಓಡಿಸಬೇಕು. ಹೊರೆಗೆ ಏಸಿಯನ್ನೇ ಹಾಕಿದರಾಯಿತು. ಹೊಸ ಎಂಜಿನ್ನಿಗೆ ಮೊದಲ 20 ಗಂಟೆ ಓಡಿದ ಮೇಲೆ ಒಮ್ಮೆ, ಆ ಬಳಿಕ 150 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ಹೊರೆಗೆ ಏಸಿಯನ್ನೇ ಹಾಕಿದರಾಯಿತು. ಗೂಡಿನಲ್ಲಿ ಕೂರಿಸಿದ ಯಂತ್ರವಾದರೆ, ಆ ಎರಡು ಗಂಟೆ ಓಡಿಸುವ ಮೊದಲು ಟ್ರೇಲರನ್ನು ಶೆಡ್ಡಿನಿಂದ ಪೂರ್ತಿ ಹೊರಗೆ ಎಳೆದು ನಿಲ್ಲಿಸಿ, ಕಿಟಕಿಗಳನ್ನು ಮುಚ್ಚಿ, ಒಳಗೆ ಯಾರೂ ಮಲಗಿಲ್ಲವೆಂದು ನೋಡಿಕೊಳ್ಳಬೇಕು.